ಸಿಂಕಿಗೆ ಸುರಿದ ಸಿರಪ್

ದಾವಣಗೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಎಕ್ಸ್‌ಪೈರಿ ಆದ ಸ್ಟ್ರಿಪ್‌ಗಳನ್ನು ಸ್ಟಾಕಿಸ್ಟ್‌ಗೆ ವಾಪಸ್ ಕಳಿಸುತ್ತೇವೆ. ಆದರೆ ಕತ್ತರಿಸಿದ ಸ್ಟ್ರಿಪ್, ಸೀಲ್ ಒಡೆದ ಸಿರಪ್ ಅವರು ತಗೊಳ್ಳಲ್ಲ. ಎಷ್ಟೋ ವರ್ಷ ಆ ಸಿರಪ್ಪುಗಳನ್ನು ಅಂಗಡಿ ಹಿಂದಿನ ಸಿಂಕಿಗೆ ಸುರಿದು, ಬಾಟಲಿ ತೊಳೆದು ಗುಜರಿಗೆ ಹಾಕಿದ್ದೇನೆ.

ಅದು ತಪ್ಪು ಅಂತ ಗೊತ್ತಾಗಿದ್ದು ರಣಹದ್ದುಗಳ ಬಗ್ಗೆ ಓದಿದಾಗ. ನೋವಿಗೆ ಅಂತ ನಾವು ದಿನಾ ಮಾರುವ ಡೈಕ್ಲೋಫೆನಾಕನ್ನೇ ದನಗಳಿಗೂ ಕೊಡುತ್ತಿದ್ದರು. ಸತ್ತ ದನದ ಮಾಂಸ ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ದನಕರುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ದನ ಸತ್ತರೂ ಔಷಧಿಯ ಕೆಲಸ ನಿಂತಿರಲಿಲ್ಲ. ನೀರಿನಲ್ಲೂ ಹೀಗೇ ಅಲ್ವಾ? ಕೊಳಚೆ ನೀರಿನ ಘಟಕಗಳನ್ನು ಕಟ್ಟಿದ್ದು ಹೊಲಸು ತೆಗೆಯೋಕೆ, ಔಷಧಿ ತೆಗೆಯೋಕಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಅವನ್ನು ಹೆಚ್ಚುಕಮ್ಮಿ ಹಾಗೇ ದಾಟಿಬಿಡುತ್ತೆ. ನಮ್ಮ ನಲ್ಲಿಗೆ ಭದ್ರಾ ನೀರು ಬರುತ್ತೆ. ನಾವು ಬಿಟ್ಟ ನೀರಿನ ದಾರಿಯಲ್ಲೂ ಊರುಗಳಿವೆ.

ಕೌಂಟರ್ ಪಕ್ಕ ಒಂದು ಮುಚ್ಚಳದ ಡಬ್ಬ ಇಟ್ಟೆ. 'ಮನೆಯಲ್ಲಿ ಉಳಿದ ಔಷಧಿ ಇಲ್ಲಿ ಹಾಕಿ' ಅಂತ ಬರೆದೆ. ಮೊದಲ ವಾರ ಯಾರೂ ಹಾಕಲಿಲ್ಲ. ಆಮೇಲೆ ಒಬ್ಬ ಅಜ್ಜಿ ಬಿಸ್ಕತ್ತಿನ ಡಬ್ಬಿ ತುಂಬಾ ತಂದರು. ಸತ್ತ ಯಜಮಾನರ ಶುಗರ್ ಮಾತ್ರೆ, ಅಂಟಂಟಾದ ಕೆಮ್ಮಿನ ಸಿರಪ್, ಆರು ಗುಳಿಗೆ ಉಳಿದ ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯಾಟಿಕ್ ಸ್ಟ್ರಿಪ್. "ಜ್ವರ ಬಿಡ್ತು ಕಣಪ್ಪಾ, ಸುಮ್ನೆ ಯಾಕೆ ನುಂಗೋದು ಅಂತ ಬಿಟ್ಟೆ" ಅಂದರು.

ಸಿರಪ್ ಬಾಟಲಿಗಳನ್ನು ಖಾಲಿ ಮಾಡದೆ, ಮುಚ್ಚಳ ಬಿಗಿ ಮಾಡಿ ನಿಲ್ಲಿಸಿಡುತ್ತೇನೆ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಲ್ಲ. ಸೂಜಿ ತಗೊಳ್ಳಲ್ಲ. ಬೇಡದ ಔಷಧಿ ಹಳದಿ ಚೀಲಕ್ಕೆ ಹೋಗಬೇಕು, ತಯಾರಕರಿಗೆ ವಾಪಸ್ ಕಳಿಸದಿದ್ದರೆ ಅದನ್ನು ಸುಡಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಆಸ್ಪತ್ರೆಗಳಿಗೆ ಹೇಳುತ್ತೆ. ಪರಿಚಯದ ಒಂದು ನರ್ಸಿಂಗ್ ಹೋಮ್‌ನವರನ್ನು ಕೇಳಿದೆ. ಮೊದಲು ಆಗಲ್ಲ ಅಂದರು. ಮೂರನೇ ಸಲ ಒಪ್ಪಿದರು. ಈಗ ತಿಂಗಳಿಗೊಮ್ಮೆ ಅವರ ಚೀಲಗಳ ಜೊತೆಯೇ ನಮ್ಮದೂ ಹೋಗುತ್ತೆ.

ಆದರೆ ಡಬ್ಬಕ್ಕೆ ಬೀಳೋದು ಸ್ವಲ್ಪವೇ. ನೀರಿಗೆ ಜಾಸ್ತಿ ಹೋಗೋದು ನಮ್ಮ ಮೈಯಿಂದ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ದೇಹದಲ್ಲಿ ಬದಲಾಗೋದೇ ಇಲ್ಲ, ಬಹುಪಾಲು ಮೂತ್ರದಲ್ಲಿ ಹಾಗೇ ಹೊರಗೆ ಬರುತ್ತೆ. ಡಾಕ್ಟರ್ ಬರೆದುಕೊಟ್ಟವರಿಗೆ ಅದು ಬೇಕೇ ಬೇಕು, ಅದನ್ನು ನಿಲ್ಲಿಸುವ ಮಾತೇ ಇಲ್ಲ. ನಾನು ನಿಲ್ಲಿಸಬಹುದಾದದ್ದು ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡೋದನ್ನು. ನಿಲ್ಲಿಸಿದೆ. "ನಾಲ್ಕು ಮಾತ್ರೆ ಕೊಡ್ರೀ ಅಣ್ಣಾರೆ" ಅಂತ ಬರುತ್ತಿದ್ದ ಕೆಲವರು ಬೇರೆ ಅಂಗಡಿಗೆ ಹೋದರು. ಬೇಜಾರಾಯಿತು, ಆದರೂ ಬದಲಾಯಿಸಲಿಲ್ಲ.

ಇನ್ನೊಂದು, ನೋವಿನ ಜೆಲ್. ಹಚ್ಚಿದ್ದರಲ್ಲಿ ಚರ್ಮದೊಳಗೆ ಹೋಗೋದು ಸ್ವಲ್ಪ ಮಾತ್ರ. ಕೈಗೆ ಅಂಟಿದ್ದು ಸೀದಾ ನಲ್ಲಿ ನೀರಿನ ಜೊತೆ ಚರಂಡಿಗೆ. ಹಾಗಾಗಿ ಟ್ಯೂಬ್ ಕೊಡುವಾಗ, ಹಚ್ಚಿದ ಮೇಲೆ ಮೊದಲು ಪೇಪರ್ ಚೂರಲ್ಲಿ ಕೈ ಒರೆಸಿ, ಅದನ್ನು ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ ಅಂತ ಹೇಳಿಯೇ ಕೊಡುತ್ತೇನೆ. ಮಂಡಿ ನೋವಿಗೆ ಜೆಲ್ ಒಯ್ಯುವ ಆ ಅಜ್ಜಿ ಮೊನ್ನೆ ಟ್ಯೂಬ್ ಜೊತೆ ಹಳೇ ಪೇಪರನ್ನೂ ಕೇಳಿ ಇಸಗೊಂಡರು.