ಮನೆಯಲ್ಲೇ ವಿಮಾನದ ಯೋಕ್: ನಡುವಿನಲ್ಲಿ ಕಚ್ಚದಂತೆ ಕಟ್ಟುವುದು ಹೇಗೆ?

ಬಳ್ಳಾರಿಯ ಗೆಳೆಯರು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್‌ಗೆಂದು ಮನೆಯಲ್ಲೇ ಕಟ್ಟಿಕೊಂಡ ನಾಲ್ಕು ಯೋಕ್‌ಗಳನ್ನು, ಅಂದರೆ ತಿರುಗಿಸಿ, ತಳ್ಳಿ, ಎಳೆದು ವಿಮಾನ ನಡೆಸುವ ಹಿಡಿಕೆಗಳನ್ನು, ಹಿಡಿದು ನೋಡಿದ್ದೇನೆ. ನಾಲ್ಕರಲ್ಲೂ ಒಂದೇ ದೋಷ: ಹಿಡಿಕೆ ನಡುವಿಗೆ ಬಂದೊಡನೆ ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ನಿಜವಾದ ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಹಾಗಿಲ್ಲ. ನೆಲದ ಮೇಲೆ ನಿಂತಾಗ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ತನ್ನ ಭಾರಕ್ಕೆ ಜೋತುಬಿದ್ದು ಯೋಕ್ ಮುಂದಕ್ಕೆ ಸರಿದಿರುತ್ತದೆ. ಹಾರುವಾಗ ಕೈಗೆ ಸಿಗುವ ಬಿಗಿಯೆಲ್ಲ ಗಾಳಿಯದು. ಚಕ್ರ ರನ್‌ವೇ ಮುಟ್ಟುವ ಮುನ್ನ ಮೂತಿ ಎತ್ತುವಾಗ ಕೈ ಮಾಡುವ ಸಣ್ಣ ತಿದ್ದುಪಡಿಗಳು ಬೆರಳಗಲದಷ್ಟೇ. ಆ ಬೆರಳಗಲದಲ್ಲೇ ಕಚ್ಚಿದರೆ ಲ್ಯಾಂಡಿಂಗ್ ಕೈಗೆ ಹತ್ತುವುದಿಲ್ಲ.

ಮೊದಲು ವಿಮಾನ ಯಾವುದೆಂದು ತೀರ್ಮಾನಿಸಿ. ಏರ್‌ಬಸ್ ಎ320ಕ್ಕೆ ಪೈಲಟ್‌ನ ಪಕ್ಕದಲ್ಲಿರುವ ಜಾಯ್‌ಸ್ಟಿಕ್‌ನಂಥ ಕಡ್ಡಿ ಸಾಕು, ಯೋಕ್ ಬೇಕಿಲ್ಲ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಲ್ಲಿ ಕಂಡ ಎಟಿಆರ್ 72 ಬೇಕೆಂದರೆ ನೆಲದಿಂದ ಏಳುವ ಕಂಬವನ್ನೇ ಕಟ್ಟಬೇಕು. ಇಲ್ಲಿ ಹೇಳುವುದು ಪ್ಯಾನೆಲ್‌ನಿಂದ ಹೊರಬರುವ ಸೆಸ್ನಾ ಮಾದರಿ.

ಹಿಡಿಕೆ ಕೂರುವ ದಂಡಕ್ಕೆ ಅರ್ಧ ಇಂಚಿನ ಜಿಐ ಪೈಪು. ಅದರ ಹೊರವ್ಯಾಸ 21.3 ಮಿ.ಮೀ.; ಲೇತ್‌ನಲ್ಲಿ 20ಕ್ಕೆ ಇಳಿಸಿದರೆ 6004 ನಂಬರಿನ ಬೇರಿಂಗ್ ಸರಿಯಾಗಿ ಕೂರುತ್ತದೆ, ಬಟನ್‌ಗಳ ವೈರು ಒಳಗಿಂದಲೇ ಹೋಗುತ್ತದೆ. ‘ಸ್ವಲ್ಪ ಲೂಜ್ ಐತಿ, ನಡೀತೈತಿ ಬಿಡ್ರಿ’ ಎಂದು ಲೇತ್‌ನವರು ಹೇಳಿದರೆ ಒಪ್ಪಬೇಡಿ. ಬೇರಿಂಗ್ ತೆಗೆದುಕೊಂಡು ಹೋಗಿ, ಅಲ್ಲೇ ತೊಡಿಸಿ ನೋಡಿ. ಎರಡು ಬೇರಿಂಗ್‌ಗಳ ನಡುವೆ 15 ಸೆಂ.ಮೀ. ಇರಲಿ. ಹತ್ತಿರ ಹಾಕಿದರೆ ಹಿಡಿಕೆ ತಲೆಯಾಡಿಸುತ್ತದೆ.

ಬೇರಿಂಗ್ ಹೊತ್ತ ಹಲಗೆ ಪೆಟ್ಟಿಗೆಯೊಳಗೆ ಎರಡು ಡ್ರಾಯರ್ ಚಾನೆಲ್‌ಗಳ ಮೇಲೆ ಹಿಂದೆ ಮುಂದೆ ಓಡಬೇಕು. ಎಲ್ಲರೂ ಎಡವುವುದು ಇಲ್ಲೇ. ಒಂದು ಚಾನೆಲ್ಲನ್ನು ಪೂರ್ತಿ ಬಿಗಿಯಿರಿ. ಇನ್ನೊಂದರ ಸ್ಕ್ರೂ ಸಡಿಲವಿರಲಿ. ಹಲಗೆಯನ್ನು ಮುಂದಿನ ತುದಿಗೆ ತಳ್ಳಿ ಅಲ್ಲಿನ ಸ್ಕ್ರೂ ಬಿಗಿಯಿರಿ, ಹಿಂದಿನ ತುದಿಗೆ ಎಳೆದು ಅಲ್ಲಿಯದು, ಕೊನೆಗೆ ನಡುವಿನದು. ಆಮೇಲೆ ಇಡೀ ಪೆಟ್ಟಿಗೆಯ ಮುಂದಿನ ಅಥವಾ ಹಿಂದಿನ ಬದಿಯನ್ನು ನಾಲ್ಕು ಬೆರಳು ಎತ್ತಿ. ಹಲಗೆ ತಾನಾಗಿಯೇ ಜಾರಬೇಕು. ಜಾರದಿದ್ದರೆ ಎಲ್ಲ ಬಿಚ್ಚಿ ಮತ್ತೆ ಮಾಡಿ. ನಾನು ಮೂರು ಸಲ ಬಿಚ್ಚಿದ್ದೇನೆ. ಗ್ರೀಸ್ ಮಾತ್ರ ಮೆತ್ತಬೇಡಿ. ನಮ್ಮೂರಿನ ಕೆಂಧೂಳು ಅದಕ್ಕೆ ಅಂಟಿ ವಾರದಲ್ಲೇ ಮಸೆಯುವ ಕಾಗದದಂತಾಗುತ್ತದೆ.

ಇನ್ನು ಸ್ಪ್ರಿಂಗ್. ಹಿಂದೊಂದು, ಮುಂದೊಂದು, ಎದುರುಬದುರು ಎಳೆಯುವಂತೆ ಕಟ್ಟಿ. ಹಲಗೆ ನಡುವಿನಿಂದ ಆಚೆ ಈಚೆ 8 ಸೆಂ.ಮೀ. ಸರಿಯುವುದಾದರೆ, ನಡುವಿನಲ್ಲಿ ನಿಂತಾಗಲೇ ಎರಡೂ ಸ್ಪ್ರಿಂಗ್ 8ಕ್ಕಿಂತ ಹೆಚ್ಚು ಹಿಗ್ಗಿರಬೇಕು. ಕಡಿಮೆ ಹಿಗ್ಗಿಸಿದರೆ ಅರ್ಧ ದಾರಿಯಲ್ಲೇ ಒಂದು ಸಡಿಲಗೊಂಡು ಎಳೆತ ಥಟ್ಟನೆ ಬದಲಾಗುತ್ತದೆ. ಉದ್ದನೆಯ, ಮೆತ್ತನೆಯ ಸ್ಪ್ರಿಂಗನ್ನೇ ಆರಿಸಿ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಿಂದ ಎಳೆದು ನೋಡಿ: ಎರಡೂ ಕಡೆ ಒಂದೇ ತೂಕ ಬರಬೇಕು. ತಿರುಗುವ ದಂಡಕ್ಕೂ ಇದೇ ಕ್ರಮ. ಸ್ಪ್ರಿಂಗ್ ಬದಲು ಬೈಕಿನ ಲಗೇಜ್ ರಬ್ಬರ್ ಕಟ್ಟುವವರಿದ್ದಾರೆ. ಬಳ್ಳಾರಿಯ ಒಂದು ಬೇಸಿಗೆಗೆ ಅದು ಜೋಲುತ್ತದೆ. ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿಸಿದ ಭಾಗಗಳೂ 60 ಡಿಗ್ರಿಯ ಸುಮಾರಿಗೆ ಮೆದುವಾಗುತ್ತವೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮರೆತು ಬರಬೇಡಿ.

ಹಿಡಿಕೆ ಎಷ್ಟು ಸರಿಯಿತೆಂದು ಅಳೆಯುವ ಸೆನ್ಸರ್‌ಗೆ ಅಗ್ಗದ ಪೊಟೆನ್ಷಿಯೋಮೀಟರ್ (ರೇಡಿಯೊದ ವಾಲ್ಯೂಮ್ ಗುಂಡಿಯಂಥದು) ಬೇಡವೇ ಬೇಡ. ಧೂಳು ಹೊಕ್ಕರೆ ಪರದೆಯ ಮೇಲಿನ ವಿಮಾನ ನಡುಗುತ್ತದೆ. ಅಯಸ್ಕಾಂತದ ಸೆಳೆತವನ್ನು ಗುರುತಿಸುವ ಹಾಲ್ ಸೆನ್ಸರ್ ಮತ್ತು ಒಂದು ಅಯಸ್ಕಾಂತ ಹಾಕಿ, ಒಂದಕ್ಕೊಂದು ತಾಗುವ ಮಾತೇ ಇಲ್ಲ. ಹಿಂದೆ ಮುಂದೆ ಹೋಗುವ ಚಲನೆಯನ್ನು ಸಣ್ಣ ತೋಳಿನಿಂದ ತಿರುಗುವಿಕೆಗೆ ಬದಲಿಸಿಕೊಳ್ಳಿ. ಸೆನ್ಸರನ್ನು ಕಂಪ್ಯೂಟರಿಗೆ ಜೋಡಿಸುವ ಬೋರ್ಡು ಆರ್ಡುಯಿನೋ ಲಿಯೊನಾರ್ಡೊ ಆಗಲಿ. ಆರ್ಡುಯಿನೋ ಊನೋ ಆರ್3 ತಂದರೆ ಕಂಪ್ಯೂಟರ್ ಅದನ್ನು ನೇರವಾಗಿ ಜಾಯ್‌ಸ್ಟಿಕ್ ಎಂದು ಗುರುತಿಸುವುದಿಲ್ಲ. ಹಲಗೆಯೊಂದಿಗೆ ಓಡುವ ವೈರಿಗೆ ಒಂದು ಸುತ್ತು ಸಡಿಲ ಬಿಡಿ.

ಹಿಡಿಕೆಯನ್ನು ಕೊನೆಗೆ ಕೂರಿಸಿ, ಕ್ಯಾಲಿಬ್ರೇಷನ್ ಮಾಡಿ (ಹಿಡಿಕೆಯ ನಡು ಮತ್ತು ತುದಿಗಳನ್ನು ಕಂಪ್ಯೂಟರಿಗೆ ಗುರುತು ಮಾಡಿಸಿ), ಡೆಡ್‌ಝೋನ್ (ನಡುವಿನಲ್ಲಿ ಸಾಫ್ಟ್‌ವೇರ್ ಲೆಕ್ಕಿಸದೆ ಬಿಡುವ ಚಲನೆ) ಸೊನ್ನೆಗೆ ಇಳಿಸಿ. ಕೈಬಿಟ್ಟಾಗ ಪರದೆಯ ಮೇಲಿನ ಗುರುತು ನಡುವಿಗೆ ಬಾರದೆ ಪಕ್ಕದಲ್ಲೇ ನಿಂತರೆ ಸಾಫ್ಟ್‌ವೇರ್ ಮುಟ್ಟಬೇಡಿ, ಚಾನೆಲ್ ಸ್ಕ್ರೂಗಳಿಗೇ ವಾಪಸ್ ಹೋಗಿ.