ಮನೆಯಲ್ಲಿ ಮಂಗಳೂರು ಬನ್ಸ್: ನನ್ನ ಅನುಭವ

ಕಳಿತ ಬಾಳೆಹಣ್ಣನ್ನು ಮೈದಾದೊಂದಿಗೆ ಕಲಸಿ, ಪೂರಿಯಂತೆ ಲಟ್ಟಿಸಿ ಎಣ್ಣೆಯಲ್ಲಿ ಕರಿಯುವ ಬನ್ಸ್, ದಕ್ಷಿಣ ಕನ್ನಡ ಮತ್ತು ಉಡುಪಿಯ ಹೋಟೆಲುಗಳಲ್ಲಿ ನಾನು ಅತ್ಯಂತ ಇಷ್ಟಪಟ್ಟು ತಿನ್ನುವ ತಿಂಡಿ. ಅದನ್ನು ಮನೆಯಲ್ಲಿ ಮಾಡಲು ತೊಡಗಿದಾಗ ಮೊದಲ ಮೂರು ಬಾರಿಯೂ ಹೊರಗೆ ಕಪ್ಪಾಗಿ, ಒಳಗೆ ಹಸಿಹಿಟ್ಟು ಉಳಿಯಿತು.

ಪೂರಿ ಹಿಟ್ಟು ಕಲಸಿದ ಕೈ ಇಲ್ಲಿಯೂ ನೀರಿನ ಲೋಟದತ್ತ ಹೋಗುತ್ತಿದ್ದುದೇ ಮೊದಲ ತಪ್ಪು. ಬಾಳೆಹಣ್ಣಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುವುದರಿಂದ ಬನ್ಸಿಗೆ ಬೇರೆ ನೀರು ಬೇಡ. ಈಗ ನಾನು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ 2 ಪಚ್ಚಬಾಳೆ ಹಣ್ಣುಗಳನ್ನು ಗಂಟಿಲ್ಲದಂತೆ ಕಿವುಚಿ, ಅದಕ್ಕೆ 2 ಚಮಚ ಸಕ್ಕರೆ, 3 ಚಮಚ ಹುಳಿ ಮೊಸರು, ಕಾಲು ಚಮಚ ಅಡುಗೆ ಸೋಡಾ, ಉಪ್ಪು, ಜೀರಿಗೆ ಸೇರಿಸಿ ಸಕ್ಕರೆ ಕರಗುವವರೆಗೆ ಕಲಕುತ್ತೇನೆ. ಆಮೇಲೆ ಮೈದಾವನ್ನು ಹಿಡಿ ಹಿಡಿಯಾಗಿ ಹಾಕುತ್ತಾ ಹೋಗುತ್ತೇನೆ. ಸಾಮಾನ್ಯವಾಗಿ 250 ಗ್ರಾಂ ಹಿಡಿಯುತ್ತದೆಯಾದರೂ ಹಣ್ಣಿನ ಗಾತ್ರ, ಕಳಿತ ಹದ ಎರಡೂ ಬದಲಾಗುವುದರಿಂದ ಅಳತೆಗಿಂತ ಕೈಯನ್ನೇ ನಂಬುವುದು ಒಳ್ಳೆಯದು. ಹಿಟ್ಟು ಬೆರಳಿಗೆ ತುಸು ಅಂಟುತ್ತಿರುವಾಗಲೇ ನಿಲ್ಲಿಸಬೇಕು. ಅಂಟು ಪೂರ್ತಿ ಹೋಗುವವರೆಗೆ ಮೈದಾ ಸುರಿದರೆ ಬನ್ಸ್ ಗಟ್ಟಿಯಾಗುತ್ತದೆ.

ಮೇಲೆ ಎಣ್ಣೆ ಸವರಿ, ಮುಚ್ಚಿ, ರಾತ್ರಿಯಿಡೀ ಬಿಡುತ್ತೇನೆ. ಮೊಸರಿನ ಹುಳಿಯೂ ಸೋಡಾವೂ ಸೇರಿ ಹುಟ್ಟುವ ಗಾಳಿಯಿಂದ ಹಿಟ್ಟು ಹಗುರಾಗುತ್ತದೆ, ಮೈದಾ ತೇವವನ್ನು ಹೀರಿ ಮೆದುವಾಗುತ್ತದೆ. ಅವಸರಕ್ಕೆ ಒಂದೇ ಗಂಟೆ ಬಿಟ್ಟು ಕರಿದ ದಿನ ಒಳಗಿನ ಆ ಜಾಳುಜಾಳಾದ ರಚನೆ ಬರಲೇ ಇಲ್ಲ.

ಬೆಳಿಗ್ಗೆ ನಿಂಬೆ ಗಾತ್ರದ ಉಂಡೆ ಮಾಡಿ, ಮಣೆಗೆ ತುಸುವೇ ಮೈದಾ ಉದುರಿಸಿ, ಪೂರಿಗಿಂತ ಎರಡು ಪಟ್ಟು ದಪ್ಪಗೆ ಲಟ್ಟಿಸುತ್ತೇನೆ. ಹೆಚ್ಚು ಮೈದಾ ಉದುರಿಸಿದರೆ ಅದು ಎಣ್ಣೆಗೆ ಬಿದ್ದು ಕರಕಾಗುತ್ತದೆ.

ಎರಡನೆಯ ತಪ್ಪು ಉರಿಯದು, ಅದನ್ನು ಅರಿಯಲು ನನಗೆ ಹೆಚ್ಚು ಕಾಲ ಹಿಡಿಯಿತು. ಪೂರಿಗೆ ಎಣ್ಣೆ ಚೆನ್ನಾಗಿ ಕಾದಿರಬೇಕು. ಹಣ್ಣಿನ ಸಿಹಿ, ಹಾಕಿದ ಸಕ್ಕರೆ ಎರಡೂ ಬೇಗ ಕಂದಾಗುವ ಕಾರಣ ಬನ್ಸಿಗೆ ಅಷ್ಟು ಕಾವು ಆಗದು. ಹಿಟ್ಟಿನ ಚೂರೊಂದನ್ನು ಹಾಕಿದಾಗ ಅದು ತಕ್ಷಣ ಚಿಮ್ಮದೆ, ತಳದಲ್ಲಿ ಕ್ಷಣಕಾಲ ನಿಂತು ಮೇಲೇರಿದರೆ ಹದ ಸರಿ. ಬಾಣಲೆಗೆ ಒಂದೊಂದನ್ನೇ ಬಿಟ್ಟು, ಜಾಲರಿ ಸೌಟಿನಿಂದ ಮೆಲ್ಲಗೆ ಒತ್ತಿ, ಉಬ್ಬಿದ ಮೇಲೆ ತಿರುವಿ, ಎರಡೂ ಕಡೆ ಜೇನಿನ ಬಣ್ಣ ಬರುವವರೆಗೆ ಮಧ್ಯಮ ಉರಿಯಲ್ಲೇ ಬೇಯಿಸುತ್ತೇನೆ. ಮೊದಲನೆಯದನ್ನು ಮುರಿದು, ನಡುವೆ ಅಂಟು ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಎರಡನೆಯದನ್ನು ಎಣ್ಣೆಗೆ ಬಿಡುತ್ತೇನೆ.