ಎರಡನೇ ಸರ್ವ್ ನನಗೆ ಒಲಿದದ್ದು ಹೀಗೆ

ದೊಡ್ಡವರಾದ ಮೇಲೆ ಟೆನಿಸ್ ಕಲಿಯಲು ಹೊರಟವರಿಗೆ ನಾನು ಮೊದಲು ಹೇಳುವುದು ಒಂದೇ: ಎರಡನೇ ಸರ್ವ್ ಕಲಿಯಿರಿ. ಸರ್ವ್ ಅಂದರೆ ಪಾಯಿಂಟ್ ಶುರು ಮಾಡುವ ಹೊಡೆತ, ಅದಕ್ಕೆ ಎರಡು ಅವಕಾಶ. ಬೇರೆ ಎಲ್ಲ ಹೊಡೆತಗಳಲ್ಲೂ ಎದುರಿನವರು ಕಳಿಸಿದ ಚೆಂಡಿಗೆ ನಾವು ಹೊಂದಿಕೊಳ್ಳಬೇಕು. ಸರ್ವ್‌ನಲ್ಲಿ ಮಾತ್ರ ಚೆಂಡು ನಮ್ಮ ಕೈಯಲ್ಲೇ ಇರುತ್ತದೆ. ಮೊದಲನೆಯದು ಹೊರಗೆ ಬಿದ್ದರೆ ಪರವಾಗಿಲ್ಲ. ಎರಡನೆಯದೂ ಬಿದ್ದರೆ ಡಬಲ್ ಫಾಲ್ಟ್, ಪಾಯಿಂಟ್ ಸುಮ್ನೆ ಹೋಯಿತು.

ನಾನು ಕಲಿತದ್ದು ಬೆಂಗಳೂರಿನಲ್ಲಿ, ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗುವ ಕೋರ್ಟ್‌ನಲ್ಲಿ. ನನ್ನ ಎತ್ತರ 5 ಅಡಿ 6 ಇಂಚು. ಅದಕ್ಕೇ ಕೋಚ್ ಶುರುವಿನಲ್ಲೇ ಅಳತೆಯ ಲೆಕ್ಕ ಹೇಳಿಕೊಟ್ಟರು. ಸರ್ವ್ ಮಾಡುವವರು ನಿಲ್ಲುವ ಹಿಂದಿನ ಗೆರೆ, ಅಂದರೆ ಬೇಸ್‌ಲೈನ್‌ನಿಂದ ನೆಟ್‌ಗೆ 39 ಅಡಿ. ನೆಟ್‌ನಿಂದ ಆಚೆಯ ಸರ್ವಿಸ್ ಗೆರೆಗೆ 21 ಅಡಿ. ಸರ್ವ್ ಈ ಗೆರೆಯೊಳಗೇ ಬೀಳಬೇಕು. ನೆಟ್‌ನ ಎತ್ತರ ನಡುವೆ 3 ಅಡಿ, ಕಂಬದ ಹತ್ತಿರ ಮೂರೂವರೆ. ನಾನು ರಾಕೆಟ್ ಪೂರ್ತಿ ಮೇಲೆ ಚಾಚಿದರೆ ಚೆಂಡು ಸಿಗುವುದು ಸುಮಾರು ಎಂಟೂಕಾಲು ಅಡಿ ಎತ್ತರದಲ್ಲಿ. ಅಲ್ಲಿಂದ ನೆಟ್‌ನ ಅಂಚು ಸವರಿಕೊಂಡು ನೇರ ಗೆರೆ ಎಳೆದರೆ ಅದು ಸರ್ವಿಸ್ ಗೆರೆಯಿಂದ ಒಂದಡಿಗೂ ಜಾಸ್ತಿ ಆಚೆ ನೆಲ ಮುಟ್ಟುತ್ತದೆ. ಅಂದರೆ ಚೆಂಡು ಬಾಗಿ ಇಳಿಯಲೇಬೇಕು. ಮೆಲ್ಲಗೆ ಹೊಡೆದರೆ ತಾನಾಗಿಯೇ ಇಳಿಯುತ್ತದೆ, ಆದರೆ ಅದನ್ನು ಎದುರಿನವರು ಮುಂದೆ ನುಗ್ಗಿ ಬಾರಿಸುತ್ತಾರೆ. ಜೋರಾಗಿ ಬೀಸಿಯೂ ಒಳಗೆ ಬೀಳಿಸಬೇಕು ಅಂದರೆ ಟಾಪ್‌ಸ್ಪಿನ್ ಬೇಕು: ಮುಂದಕ್ಕೆ ಉರುಳಿದ ಹಾಗೆ ತಿರುಗುವ ಚೆಂಡು ಬೇಗ ಕೆಳಗಿಳಿಯುತ್ತದೆ.

ಹಿಂದೆ ಸರ್ವ್ ಅಂದರೆ ಆಟ ಶುರು ಮಾಡುವ ಕ್ರಮ, ಅಷ್ಟೇ. ಫ್ರಾನ್ಸ್‌ನಲ್ಲಿ ಅಂಗೈಯಿಂದ ಚೆಂಡು ಬಡಿದು ಆಡುತ್ತಿದ್ದ ಆಟದಿಂದ ರಿಯಲ್ ಟೆನಿಸ್ ಎಂಬ ಗೋಡೆಗಳ ನಡುವಿನ ಒಳಾಂಗಣ ಆಟ ಬೆಳೆಯಿತು. ಅದರಲ್ಲಿ ಸರ್ವ್ ಮಾಡಿದ ಚೆಂಡು ಪಕ್ಕದ ಇಳಿಜಾರು ಮಾಡಿಗೆ ತಾಗಿ ಬರಬೇಕು, ಇವತ್ತಿಗೂ. ಹುಲ್ಲಿನ ಮೇಲಿನ ಆಟಕ್ಕೆ ಮೇಜರ್ ವಿಂಗ್‌ಫೀಲ್ಡ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1874ರಲ್ಲಿ. 1877ರ ಮೊದಲ ವಿಂಬಲ್ಡನ್‌ನಲ್ಲಿ ಸರ್ವಿಸ್ ಗೆರೆ ನೆಟ್‌ನಿಂದ 26 ಅಡಿ ದೂರ ಇತ್ತು. ಆಮೇಲೆ 21ಕ್ಕೆ ತಂದರು. ಆ ಐದಡಿ ಉಳಿದಿದ್ದರೆ ನನ್ನ ನೇರ ಹೊಡೆತವೂ ಒಳಗೇ ಬೀಳುತ್ತಿತ್ತು!

ಕಲಿಕೆ ಗ್ರಿಪ್‌ನಿಂದ ಶುರುವಾಯಿತು. ಕಾಂಟಿನೆಂಟಲ್ ಗ್ರಿಪ್, ಅಂದರೆ ಸುತ್ತಿಗೆ ಹಿಡಿದ ಹಾಗೆ. ಬಲಗೈಯವರಿಗೆ ಮೊದಮೊದಲು ಚೆಂಡು ಎಡಕ್ಕೆ ಓಡುತ್ತದೆ. ಓಡಲಿ, ಗ್ರಿಪ್ ಮಾತ್ರ ಬದಲಿಸಬೇಡಿ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಂಡಿಯೂರಿ ಸರ್ವ್ ಮಾಡುವ ಅಭ್ಯಾಸ. ಸರ್ವಿಸ್ ಗೆರೆಯ ಹತ್ತಿರ ಟವೆಲ್ ಹಾಸಿ, ಅದರ ಮೇಲೆ ಒಂದು ಮಂಡಿ ಊರಿ ಹೊಡೆಯುವುದು. ಅಷ್ಟು ತಗ್ಗಿನಿಂದ ಕೆಳಮುಖವಾಗಿ ಹೊಡೆದರೆ ಚೆಂಡು ನೆಟ್‌ಗೇ ಬೀಳುತ್ತದೆ. ಹಾಗಾಗಿ ಕೈ ತಾನಾಗಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ರಾಕೆಟ್ ಚೆಂಡಿನ ಹಿಂಬದಿಯನ್ನು ಎಡದಿಂದ ಬಲಕ್ಕೆ ಓರೆಯಾಗಿ ಉಜ್ಜಿಕೊಂಡು ಏರಬೇಕು. ಉಜ್ಜಿದ ಸದ್ದು ಬೇರೆಯೇ ಇರುತ್ತದೆ, ಕಿವಿಗೆ ಗೊತ್ತಾಗುತ್ತದೆ. ಅದು ಬಂದ ಮೇಲೆ ಎದ್ದು ನಿಂತು, ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತಾ ಬೇಸ್‌ಲೈನ್‌ಗೆ ಹೋದೆ.

ಟಾಸ್, ಅಂದರೆ ಹೊಡೆಯಲು ಚೆಂಡು ಮೇಲೆ ಎಸೆಯುವುದನ್ನು ಮನೆಯ ಟೆರೇಸ್‌ನಲ್ಲೇ ಕಲಿಯಬಹುದು, ರಾಕೆಟ್ ಬೇಡ. ಚೆಂಡು ಅಂಗೈಯಲ್ಲಿ ಅಲ್ಲ, ಬೆರಳುಗಳಲ್ಲಿರಲಿ. ಮೊಣಕೈ ಮಡಿಸದೆ ತೋಳು ಎತ್ತಿ ಬಿಡಿ. ಈ ಸರ್ವ್‌ಗೆ ಚೆಂಡು ತಲೆಯ ಮೇಲೆ, ತುಸು ಎಡಕ್ಕೆ ಇರಬೇಕು.

ಇನ್ನೊಂದು ವಿಷಯ ಒತ್ತಿ ಹೇಳುತ್ತೇನೆ. ಎರಡನೇ ಸರ್ವ್ ಅಂತ ಕೈಯ ವೇಗ ಇಳಿಸಬೇಡಿ. ವೇಗ ಇಳಿದರೆ ಸ್ಪಿನ್ ಹೋಗುತ್ತದೆ, ಚೆಂಡು ಬಾಗುವುದಿಲ್ಲ. ಕಬ್ಬನ್ ಪಾರ್ಕ್‌ನಲ್ಲಿ ಬೆಂಗಳೂರು ಓಪನ್ ನಡೆಯುವಾಗ ಹೋಗಿ ಬದಿಯಿಂದ ನೋಡಿ. ಆಟಗಾರರು ಎರಡನೇ ಸಲವೂ ಅಷ್ಟೇ ಜೋರಾಗಿ ಬೀಸುತ್ತಾರೆ. ಚೆಂಡು ಮಾತ್ರ ನೆಟ್‌ಗಿಂತ ತುಂಬಾ ಮೇಲೆ ಹೋಗಿ ದಬಕ್ಕನೆ ಇಳಿಯುತ್ತದೆ. ನಾನೂ ನೆಟ್‌ಗಿಂತ ಎರಡು ಮೂರಡಿ ಮೇಲಕ್ಕೆ ಗುರಿ ಇಡುತ್ತೇನೆ.

ಭುಜ ನೋಯುವ ಮೊದಲೇ ನಿಲ್ಲಿಸಿ, ಮಾರನೇ ದಿನ ಮುಂದುವರಿಸಿ.

ಈಗ ಕಲಿಯುತ್ತಿರುವುದು ದಿಕ್ಕು. ಬಲಗೈಯವರ ಬ್ಯಾಕ್‌ಹ್ಯಾಂಡ್ ಕಡೆ, ಅಂದರೆ ಅವರ ಎಡಬದಿಗೆ ಬಿದ್ದು ಭುಜದ ಮಟ್ಟಕ್ಕೆ ಪುಟಿಯುವ ಚೆಂಡನ್ನು ಜೋರಾಗಿ ವಾಪಸ್ ಹೊಡೆಯುವುದು ಕಷ್ಟ. ಡಬಲ್ಸ್‌ನಲ್ಲಿ ಅದು ಮೆತ್ತಗೆ ತೇಲಿ ಬರುತ್ತದೆ, ನೆಟ್ ಹತ್ತಿರ ನಿಂತ ನನ್ನ ಜೊತೆಗಾರರು ಅಲ್ಲೇ ಪಾಯಿಂಟ್ ಮುಗಿಸುತ್ತಾರೆ.